ಹೊನ್ನಾಂಬೆಯ ಎಂಜಿನ್ನು

"ನನ್ನ ಮಗಳು ಹೊನ್ನಾಂಬೆಯ ಮೂರು ಒಗಟು ಬಿಡಿಸಿ, ನಿಂತುಹೋದ ಎಂಜಿನ್ನನ್ನು ನಡೆಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡುತ್ತೇನೆ. ಸೋತವನಿಗೆ ಸಾಯುವತನಕ ಸೆರೆ." ಬೆಳ್ಗಲ್ಲುಕೋಟೆಯ ಅರಸ ದೇವಭೂಪ ಹೀಗೆ ಡಂಗುರ ಹೊಡೆಸಿದ.

ಹೊಳೆಯ ನೀರನ್ನು ಬೆಟ್ಟದ ಮೇಲಿನ ಕೋಟೆಗೆ ಏರಿಸುತ್ತಿದ್ದುದು ಆ ಎಂಜಿನ್ನು. ಹೊನ್ನಾಂಬೆಯ ತಾಯಿ, ತೀರಿಹೋದ ರಾಣಿ, ಅದನ್ನು ತಾನೇ ನಡೆಸುತ್ತಿದ್ದಳು. ಅವಳ ನಂತರ ಯಾರೂ ಮುಟ್ಟದೆ ಅದು ಬಿಗಿದುಕೊಂಡಿತು. ಊರಿನ ಹೆಂಗಸರು ಕೊಡ ಹೊತ್ತು ಬೆಟ್ಟ ಹತ್ತುವಂತಾಯಿತು.

ಮೊದಲು ಬಂದ ರಾಜಕುಮಾರನನ್ನು ಹೊನ್ನಾಂಬೆ ಕೇಳಿದಳು: "ಇಬ್ಬರು ಅಣ್ಣತಮ್ಮಂದಿರು. ಒಬ್ಬ ಏರಿದರೆ ಇನ್ನೊಬ್ಬ ಇಳಿಯುತ್ತಾನೆ. ದಿನವಿಡೀ ಓಡಿದರೂ ಹೊಸ್ತಿಲು ದಾಟುವುದಿಲ್ಲ. ಯಾರವರು?"

"ಸೂರ್ಯ, ಚಂದ್ರ" ಎಂದವನು ಸೆರೆಗೆ ಹೋದ. ಇನ್ನೊಬ್ಬ "ಹಗಲು, ಇರುಳು" ಎಂದು ಅವನ ಹಿಂದೆಯೇ ಹೋದ. ಮತ್ತೊಬ್ಬ ಒಗಟಿಗೆ ಕಿವಿಗೊಡದೆ ಎಂಜಿನ್ನಿನ ಗಾಲಿಗೆ ಆನೆ ಕಟ್ಟಿ ಎಳೆಸಿದ. ಸರಪಳಿ ತುಂಡಾಯಿತು, ಅವನೂ ಸೆರೆಗೆ ಹೋದ. ಹೊನ್ನಾಂಬೆ ಗಾಲಿಯನ್ನು ತಬ್ಬಿಕೊಂಡು ಅತ್ತಳು.

ಆಮೇಲೆ ಹೊರಟವನು ಗಾಣದ ಕರಿಬಸವ.

"ಬ್ಯಾಡ ಮಗಾ, ಸೆರೆಗೆ ಹಾಕ್ತಾರೆ" ಎಂದಳು ತಾಯಿ.

"ಕೊಡ ಹೊತ್ತು ನಿನ್ನ ಸೊಂಟ ಬಾಗಿ ಹೋಯ್ತಲ್ಲವ್ವಾ. ನೋಡ್ಕೊಂಡು ಹ್ಯಾಂಗಿರಲಿ?" ಎಂದು ಅವನು ಬೆಟ್ಟ ಹತ್ತಿದ.

ಮೊದಲ ಒಗಟು ಕೇಳಿ ಎಂಜಿನ್ನನ್ನು ಸುತ್ತಿ ಬಂದ. "ಈ ಸಿಲಿಂಡರುಗಳ ಒಳಗೇ ಏರಿ ಇಳಿಯುವ ಎರಡು ಪಿಸ್ಟನ್ನುಗಳು ತಾಯಿ."

ಹೊನ್ನಾಂಬೆಯ ಮುಖ ಅರಳಿತು. "ಕಬ್ಬಿಣವನ್ನು ಕಬ್ಬಿಣಕ್ಕೇ ಕಟ್ಟಿಹಾಕುವ ಕೆಂಪು ಹಗ್ಗ ಯಾವುದು?"

"ತುಕ್ಕು."

"ಬಡಿದರೆ ಬಿಡದ್ದು, ಎಳೆದರೆ ಬಿಡದ್ದು, ಯಾವುದಕ್ಕೆ ಬಿಡುತ್ತದೆ?"

ಕರಿಬಸವ ಗಾಲಿಯನ್ನು ಒಮ್ಮೆ ಒತ್ತಿ ನೋಡಿದ. "ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಸ್ವಲ್ಪ ದಿನ ಕೊಡಿ."

ಸಿಲಿಂಡರಿನ ಮುಚ್ಚಳ ಬಿಚ್ಚಿ, ಪಿಸ್ಟನ್ನುಗಳ ಮೇಲೆ ಸೀಮೆಎಣ್ಣೆ ಬೆರೆಸಿದ ಎಣ್ಣೆ ಸುರಿದು ಕೂತ. ಮರುದಿನ ಗಾಲಿಯನ್ನು ಮೆಲ್ಲಗೆ ಆಚೆ ಈಚೆ ಒತ್ತಿದ. ಅಲುಗಲಿಲ್ಲ. ಮತ್ತೆ ಎಣ್ಣೆ ಹಾಕಿ ಕೂತ. ಅರಸ ಸಿಡಿಮಿಡಿಗೊಂಡ. ಹೊನ್ನಾಂಬೆ ಮಾತ್ರ ದಿನವೂ ಬಂದು ಎಣ್ಣೆ ಸುರಿದಳು, ಅಮ್ಮನ ಸುದ್ದಿ ಹೇಳಿದಳು. ಅವನು ಕೇಳುತ್ತಾ ತುಕ್ಕು ಒರೆಸಿದ.

ಒಂದು ಬೆಳಿಗ್ಗೆ ಗಾಲಿ ಬೆರಳಗಲ ಜರುಗಿತು. ಅವನು ಅವಸರಪಡಲಿಲ್ಲ. ಹಿಂದಕ್ಕೆ ತಂದ, ಎಣ್ಣೆ ಬಿಟ್ಟ, ಮತ್ತೆ ಮುಂದಕ್ಕೆ ಒತ್ತಿದ. ಮಧ್ಯಾಹ್ನಕ್ಕೆ ಗಾಲಿ ಪೂರಾ ಸುತ್ತಿತು. ಸಂಜೆಗೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಹೊರಟೇಬಿಟ್ಟಿತು. ಕೋಟೆಯ ತೊಟ್ಟಿಗೆ ನೀರು ಬಿತ್ತು.

"ಮೂರನೆಯದಕ್ಕೆ ಉತ್ತರ?" ಎಂದ ಅರಸ.

"ಎಣ್ಣೆ, ಮತ್ತೆ ಕಾಯುವ ಮನಸ್ಸು. ಎಣ್ಣೆ ತುಕ್ಕಿನೊಳಗೆ ಇಳಿಯೋಕೆ ಹೊತ್ತು ಬೇಕು ಬುದ್ಧಿ. ಒಂದು ಕೇಳ್ತೀನಿ, ಸೆರೆಯಲ್ಲಿರೋರನ್ನ ಮನೆಗೆ ಕಳಿಸಿ."

ಅರಸ ಅವರನ್ನು ಬಿಡಿಸಿ, ಮದುವೆಗೆ ಮುಹೂರ್ತ ಇಡಿಸಿದ. ಧಾರೆಯ ಹೊತ್ತಿಗೆ ಕರಿಬಸವ ನಾಚಿಕೊಂಡ. ಎಷ್ಟು ತಿಕ್ಕಿದರೂ ಕೈಯ ಕಪ್ಪು ಹೋಗಿರಲಿಲ್ಲ. ಹೊನ್ನಾಂಬೆ ನಗುತ್ತಾ ತನ್ನ ಕೈ ಚಾಚಿದಳು. ಅದೂ ಅಷ್ಟೇ ಕಪ್ಪಗಿತ್ತು.