ಶಂಕೆ ಹುಟ್ಟಿದ ಜಾಗ

"ನಮ್ಮ ಮುತ್ತಾತ ಕತ್ತಿಯಿಂದ ಆಳಿದ. ನಮ್ಮಪ್ಪ ನಗುನಗುತ್ತಾ ಆಳಿದ. ನಾನು ಬರೀ ಶಂಕೆಯಿಂದಲೇ ಆಳುತ್ತೇನೆ!" ಎಂದು ಕುಪ್ಪಳಗಿರಿಯ ದೊರೆ ಮಲ್ಲರಸ ಮೀಸೆ ತಿರುವುತ್ತಿದ್ದ.

ಮಾತು ಸುಳ್ಳಲ್ಲ. ತಲೆದಿಂಬು ತುಸು ಉಬ್ಬಿಕೊಂಡರೆ ಒಳಗೆ ಯಾರೋ ಕೂತಿದ್ದಾರೆಂದು ಬಿಚ್ಚಿಸುತ್ತಿದ್ದ. ಅರಮನೆಯ ಗಿಳಿ ಒಮ್ಮೆ "ಮಲ್ಲರಸ" ಎಂದಿತು. "ನನ್ನ ಹೆಸರು ಹೇಳಿಕೊಟ್ಟವರು ಯಾರು?" ಎಂದು ಗಿಳಿಯನ್ನೇ ವಿಚಾರಣೆಗೆ ಕೂರಿಸಿದ. ಗಿಳಿಯೂ "ಹೇಳಿಕೊಟ್ಟವರು ಯಾರು?" ಎಂದು ತಿರುಗಿ ಕೇಳಿತು. ಅಲ್ಲಿಂದಾಚೆಗೆ ದೊರೆ ಗಿಳಿಗೆ ಬೆನ್ನು ಮಾಡಿ ಮಲಗುವುದನ್ನೇ ಬಿಟ್ಟ.

ಒಂದು ಬೆಳಗ್ಗೆ ತುಂಬಿದ ಸಭೆಯಲ್ಲಿ ಮಜ್ಜಿಗೆ ಕೊಡುವ ಮುದುಕಿ ಹಂಪವ್ವ ದೊರೆಯ ಮುಂದೆ ಲೋಟ ಇಟ್ಟವಳೇ ಫಕ್ಕನೆ ನಕ್ಕುಬಿಟ್ಟಳು. ಅಷ್ಟಕ್ಕೇ ಕೈಗೆ ಕೋಳ ಬಿತ್ತು.

"ಯಾಕೆ ನಕ್ಕೆ?"

"ರೊಟ್ಟಿ ತಿಂದ ಮೀಸೀಗೆ ಬೆಣ್ಣಿ ಹತ್ತಿತ್ರೀ ನನ್ನೊಡೆಯಾ. ನಗು ತಡೀಲಿಲ್ಲ."

"ಕೇಳಿದಿರಾ? ವಿಷ ಹಾಕಿದವರು ಹೇಳುವುದೂ ಇದನ್ನೇ!"

ಆಸ್ಥಾನ ಪಂಡಿತರಾದ ನರಹರಿ ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡು ಎದ್ದರು. "ಪ್ರಭು, ದೂರದ ಗುಡ್ಡದಲ್ಲಿ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದಕ್ಕೆ ಶಾಸ್ತ್ರದಲ್ಲಿ ಅನುಮಾನ ಎಂದು ಹೆಸರು. ಅದು ಜ್ಞಾನ! ಜನ ಈಗ ಅದೇ ಮಾತನ್ನು ಸಂಶಯಕ್ಕೂ ಬಳಸುತ್ತಾರೆ. ಆದ್ದರಿಂದ ತಮ್ಮ ಸಂಶಯವೆಲ್ಲ ಜ್ಞಾನವೇ. ನಗು ಕಂಡಿತು, ಆದ್ದರಿಂದ ವಿಷ ಇದೆ."

ದೊರೆ ಆನಂದದಿಂದ ಅವರಿಗೆ ಶಾಲು ಹೊದಿಸಿದ.

ಆಸ್ಥಾನದ ವಿದೂಷಕ ಸೋವಯ್ಯ ಮಾತ್ರ ಎದ್ದು ಮುಂದೆ ಬಂದ. ಮನೆಯಲ್ಲಿ ಒಲೆ ಹತ್ತದ ದಿನಗಳಲ್ಲಿ ಹಂಪವ್ವನ ಮಜ್ಜಿಗೆ ಕುಡಿದು ಬೆಳೆದವನು ಅವನು. ಹಿಂದೆಮುಂದೆ ನೋಡದೆ ಆ ಲೋಟ ಎತ್ತಿ ಗಟಗಟನೆ ಕುಡಿದುಬಿಟ್ಟ.

"ನೋಡಿ ಪ್ರಭು, ನನಗೆ ಏನೂ ಆಗಲಿಲ್ಲ."

"ಸಾಯಲಿಲ್ಲ ಅಂದರೆ ನೀನೂ ಅವಳ ಕಡೆಯವನೇ!" ಎಂದ ದೊರೆ. "ನೀನು ಬಲು ಜಾಣ ಅಲ್ಲವೇ? ಶಾಸ್ತ್ರಿಗಳು ಅನುಮಾನದ ಮೂಲ ಹೇಳಿದರು. ನೀನು ಶಂಕೆಯದ್ದು ಹೇಳು. ಶಂಕೆ ಹುಟ್ಟಿದ್ದು ಎಲ್ಲಿ, ಅದರ ಅರ್ಥ ಏನು? ನಾಳೆ ಸಭೆಯಲ್ಲಿ ಹೇಳಬೇಕು, ನಾನು ಒಪ್ಪಬೇಕು. ಇಲ್ಲದಿದ್ದರೆ ಇಬ್ಬರನ್ನೂ ಕೋಟೆಯ ಮೇಲಿಂದ ತಳ್ಳಿಸುತ್ತೇನೆ."

ಸೋವಯ್ಯನಿಗೆ ಶಂಕೆಯ ಮೂಲವೂ ಗೊತ್ತಿರಲಿಲ್ಲ, ಬುಡವೂ ಗೊತ್ತಿರಲಿಲ್ಲ. ಮರುದಿನ ಕಾವಲಿನವರು ಕರೆತಂದ ಹಂಪವ್ವನ ಹಿಂದೆ ಕಾಲೆಳೆದುಕೊಂಡೇ ಸಭೆಗೆ ಬಂದ.

ಬಂದವನ ಕಣ್ಣು ಸಿಂಹಾಸನದ ಪಕ್ಕಕ್ಕೆ ಹೋಯಿತು. ಅಲ್ಲಿ ಎಳನೀರಿನ ಬುರುಡೆಗಳ ರಾಶಿ ಬಿದ್ದಿತ್ತು. ಮಜ್ಜಿಗೆಯ ಮೇಲೆ ಶಂಕೆ ಬಂದ ಮೇಲೆ ದೊರೆಗೆ ಹಾಲಿನ ಮೇಲೆ ಬಂತು, ಆಮೇಲೆ ಬಾವಿ ನೀರಿನ ಮೇಲೂ ಬಂತು. ಕಣ್ಣೆದುರೇ ಕೆತ್ತಿದ ಎಳನೀರೊಂದನ್ನೇ ಅವನು ನಂಬುತ್ತಿದ್ದದ್ದು. ಬಿಸಿಲು ಬೇರೆ ಜೋರಾಗಿತ್ತು. ಬೆಳಗಿನಿಂದ ಒಂದರ ಹಿಂದೊಂದು ಏರಿಸುತ್ತಲೇ ಇದ್ದ.

ಸೋವಯ್ಯನಿಗೆ ಹೋದ ಜೀವ ಬಂತು.

"ಪ್ರಭು, ನಾನು ಹೇಳುವಾಗ ನಡುವೆ ಯಾರಾದರೂ ಎದ್ದು ಹೋದರೆ?"

"ಎದ್ದವನೇ ಕಳ್ಳ! ಬಾಗಿಲು ಹಾಕಿ ಅಗುಳಿ ಜಡಿಯಿರಿ. ಈ ಶಂಕೆ ತೀರುವ ತನಕ ಯಾರೂ ಏಳಕೂಡದು. ನಾನಾದರೂ ಸರಿ!"

ಅಗುಳಿ ಬಿತ್ತು. ಸೋವಯ್ಯ ಆರಾಮವಾಗಿ ಶುರುಮಾಡಿದ.

"ಬಹಳ ಹಿಂದೆ ಒಂದು ಬೆಟ್ಟದ ತುದಿಯಲ್ಲಿ, ಪ್ರಭು, ಬಂಡೆಯ ಸಂದಿಯಿಂದ ನೀರು ತೊಟ್... ತೊಟ್... ತೊಟ್... ಎಂದು ಜಿನುಗುತ್ತಿತ್ತು."

"ಶಂಕೆಗೂ ನೀರಿಗೂ ಏನಯ್ಯಾ ಸಂಬಂಧ?"

"ಅಲ್ಲಿಗೇ ಬರುತ್ತಿದ್ದೇನೆ. ಜಿನುಗಿದ್ದೆಲ್ಲ ಸೇರಿ ಝರಿಯಾಯಿತು. ಜುಳುಜುಳು, ಜುಳುಜುಳು, ಜುಳುಜುಳು..."

ದೊರೆ ಕಾಲ ಮೇಲೆ ಕಾಲು ಹಾಕಿದ. ಕಾಲು ಬದಲಾಯಿಸಿದ. ಆಮೇಲೆ ಎರಡು ಮಂಡಿಯನ್ನೂ ಒತ್ತಿ ಹಿಡಿದುಕೊಂಡ.

"ಬೇಗ ಹೇಳೋ!"

"ಅವಸರ ಮಾಡಿದರೆ ಅರ್ಥ ಕೆಡುತ್ತದೆ ಪ್ರಭು. ಝರಿ ಹಳ್ಳವಾಯಿತು. ಹಳ್ಳ ಹೊಳೆಯಾಯಿತು. ತುಂಬಿದ ಹೊಳೆ ಕಡಿದಾದ ಜಾಗಕ್ಕೆ ಬಂದು ನಿಂತಿತು. ಇನ್ನು ತಡೆಯಲಾರೆ ಎಂದಿತು. ಆಗ ಭೋರ್ರೆಂದು..."

"ಸಾಕು!" ದೊರೆ ಕಿರುಚಿದ. "ಬಾಗಿಲು ತೆಗೆಯಿರಿ!"

ಕಾವಲುಗಾರ ಅಗುಳಿಗೆ ಬೆನ್ನು ಕೊಟ್ಟು ನಿಂತ. "ಎದ್ದವರೇ ಕಳ್ಳರು ಅಂತ ತಮ್ಮದೇ ಅಪ್ಪಣೆ ಆಗಿದೆ, ಒಡೆಯಾ."

"ಅಯ್ಯೋ, ನನಗೆ ಲಘುಶಂಕೆ ಕಣಯ್ಯಾ!"

ಸೋವಯ್ಯ ಕೈಮುಗಿದು ಕೇಳಿದ, "ಯಾರ ಮೇಲೆ, ಪ್ರಭು?"

ಇಡೀ ಸಭೆ ಉತ್ತರೀಯವನ್ನು ಬಾಯಿಗೆ ತುರುಕಿಕೊಂಡಿತು. ಕೋಳ ತೊಟ್ಟ ಹಂಪವ್ವ ಮಾತ್ರ ಬಾಯಿತುಂಬ ನಕ್ಕಳು.

"ಯಾರ ಮೇಲೂ ಇಲ್ಲ!"

"ಹಂಪವ್ವನ ಮೇಲೆ?"

"ಇಲ್ಲವೋ ಮಾರಾಯಾ!"

"ಹಾಗಾದರೆ ಎಲ್ಲಿ ಹುಟ್ಟಿತು?"

"ನನ್ನೊಳಗೇ ಹುಟ್ಟಿತು! ನಾನೇ ತುಂಬಿಕೊಂಡದ್ದು!"

"ಅಂದರೆ ಇನ್ನೊಬ್ಬರ ತಲೆಯ ಮೇಲೆ ಹಾಕುವಂಥದ್ದಲ್ಲ?"

"ಅಲ್ಲವೇ ಅಲ್ಲ! ನಾನೇ ಹೋಗಿ ಕಳೆದುಕೊಳ್ಳಬೇಕಾದ್ದು! ಬಾಗಿಲು, ಬಾಗಿಲು!"

"ಶಂಕೆ ಹುಟ್ಟಿದ ಜಾಗ, ಅದರ ಅರ್ಥ, ಎರಡನ್ನೂ ಪ್ರಭುಗಳೇ ಅಪ್ಪಣೆ ಕೊಡಿಸಿದರು. ಒಪ್ಪಿದಿರಾ?"

"ಒಪ್ಪಿದೆ! ಅವಳನ್ನೂ ಬಿಟ್ಟೆ, ನಿನ್ನನ್ನೂ ಬಿಟ್ಟೆ! ನನ್ನನ್ನು ಬಿಡ್ರೋ!"

ಅಗುಳಿ ಸರಿಯಿತು. ಒಂದು ಕೈಯಲ್ಲಿ ಕಿರೀಟ, ಇನ್ನೊಂದರಲ್ಲಿ ಪಂಚೆ ಹಿಡಿದು ದೊರೆ ಓಡಿದ. ಅವನನ್ನೂ ಹಿಂದೆ ಹಾಕಿ ನರಹರಿ ಶಾಸ್ತ್ರಿಗಳು ಓಡಿದರು. ಕಾರಣ ತಿಳಿಯಲು ಯಾರಿಗೂ ತರ್ಕಶಾಸ್ತ್ರ ಬೇಕಾಗಲಿಲ್ಲ.

ತಿರುಗಿ ಬಂದ ದೊರೆಯ ಮುಖ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಸಿಂಹಾಸನದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಹಂಪವ್ವನ ಕೋಳ ಬಿಚ್ಚಿಸಿ, ಹಾಲು ಕರೆಯುವ ಎಮ್ಮೆಯೊಂದನ್ನು ಕೊಡಿಸಿದ. ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಸೋವಯ್ಯನ ಕಡೆ ಚಾಚಿದ. ಚಾಚಿದ ಕೈ ಅರ್ಧಕ್ಕೇ ನಿಂತಿತು.

"ತಡಿ, ತಡಿ. ಆ ಬೆಟ್ಟ, ಆ ಝರಿ, ಅದನ್ನೆಲ್ಲ ನೀನು ಬೇಕೆಂದೇ ಎಳೆದೆ ಅಂತ ನನಗೊಂದು ಶಂಕೆ."

ಸೋವಯ್ಯ ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಲಘುವೋ ದೀರ್ಘವೋ, ಪ್ರಭು? ಬಾಗಿಲು ಇನ್ನೂ ತೆಗೆದೇ ಇದೆ."