ಬಮ್ಮಯ್ಯನ ಉಪ್ಪಿನ ಗುಡ್ಡೆ

ಬಲು ಹಿಂದಿನ ಮಾತು ಮಕ್ಕಳೇ. ಆಗ ಘಟ್ಟದ ಮೆಣಸು ಎತ್ತುಗಳ ಬೆನ್ನೇರಿ ಕಡಲ ದಂಡೆಗೆ ಇಳಿಯುತ್ತಿತ್ತು. ಅಲ್ಲಿ ಹಾಯಿ ಹಡಗು ಹತ್ತಿ ಅರಬ್ಬರ ನಾಡಿಗೆ ಹೋಗುತ್ತಿತ್ತು. ಅದೇ ಹಡಗುಗಳು ತಿರುಗಿ ಬರುವಾಗ ಕುದುರೆ, ಖರ್ಜೂರ ಹೊತ್ತು ತರುತ್ತಿದ್ದವು. ಘಟ್ಟದ ದಾರಿಯಲ್ಲಿ ಯಾವಾಗ ನೋಡಿದರೂ ಎತ್ತಿನ ಕೊರಳ ಗಂಟೆಯ ಸದ್ದೇ ಸದ್ದು. ಮನುಷ್ಯರ ಈ ಗದ್ದಲವನ್ನು ಮರದ ಮೇಲಿಂದ, ಪೊದೆಯ ಸಂದಿಯಿಂದ ನೋಡಿ ನೋಡಿ ಕಾಡಿನ ಪ್ರಾಣಿಗಳೂ ವ್ಯಾಪಾರ ಕಲಿತುಬಿಟ್ಟವು.

ಕಾಡಿನವರಿಗೆ ಬೇಕಾದದ್ದು ಉಪ್ಪು. ಹಣ್ಣು, ಗೆಡ್ಡೆ, ಜೇನು ಕಾಡಿನಲ್ಲೇ ಸಿಗುತ್ತಿತ್ತು, ಉಪ್ಪು ಎಲ್ಲಿಂದ ಬರಬೇಕು? ಉಪ್ಪಿಲ್ಲದೆ ಮರಿಗಳು ಮಂಕಾಗಿ ಮಣ್ಣು ನೆಕ್ಕುತ್ತಾ ಕೂರುತ್ತಿದ್ದವು. ಉಪ್ಪು ಇದ್ದದ್ದು ಕಡಲ ದಂಡೆಯ ನೀರುನಾಯಿಗಳ ಹತ್ತಿರ. ಅವರು ಬಂಡೆಯ ಕುಳಿಗಳಲ್ಲಿ ಕಡಲ ನೀರು ತುಂಬಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಿದ್ದರು. ಅವರಿಗೆ ಬೇಕಾದದ್ದು ಮೆಣಸು. ಅದನ್ನು ದೂರದ ದ್ವೀಪಗಳಿಗೆ ಈಜಿ ಹೋಗುವ ಕಡಲಾಮೆಗಳಿಗೆ ಮಾರುತ್ತಿದ್ದರು.

ಕೊಡುವವರು ಇದ್ದಾರೆ, ಕೊಳ್ಳುವವರು ಇದ್ದಾರೆ, ಇನ್ನೇನು ತೊಂದರೆ ಅಂತೀರಾ? ತೊಂದರೆ ದೇವರದ್ದು. ಕಾಡಿನವರ ದೇವರು ಸೂರ್ಯ. ದಂಡೆಯವರ ದೇವರು ಚಂದ್ರ, ಅವರ ಬಾಯಲ್ಲಿ ತಿಂಗಳಮ್ಮ. ಹಿಂದೊಮ್ಮೆ ಯಾರ ದೇವರು ದೊಡ್ಡದು ಅಂತ ಎರಡೂ ಕಡೆಯವರು ಮಾತಿಗೆ ಮಾತು ಬೆಳೆಸಿ, ಕೈ ಕೈ ಮಿಲಾಯಿಸಿ, ಕಡಿದಾಡಿ, ವ್ಯಾಪಾರವೇ ನಿಂತುಹೋಗಿತ್ತಂತೆ. ಆ ವರ್ಷ ಕಾಡಿನ ಎಷ್ಟೋ ಮರಿಗಳು ಎದ್ದು ನಿಲ್ಲಲಿಲ್ಲ. ಆಗ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರು. ಇನ್ನು ಮುಂದೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ, ಬರೀ ವ್ಯಾಪಾರ.

ಮುಖ ನೋಡದೆ ವ್ಯಾಪಾರ ಹೇಗೆ? ಕೇಳಿ. ಹೊಳೆ ಕಡಲು ಸೇರುವ ಕಡೆ ಒಂದು ಚಪ್ಪಟೆ ಬಂಡೆ. ಹುಣ್ಣಿಮೆಯ ಬೆಳಗ್ಗೆ ಕಾಡಿನವರು ಬಂದು ಅದರ ಮೇಲೆ ಮೆಣಸು ಸುರಿದು, ಟೊಳ್ಳು ಮರದ ದಿಮ್ಮಿ ಬಡಿದು, ಕೇದಗೆ ಪೊದೆಯ ಹಿಂದೆ ಅಡಗುತ್ತಿದ್ದರು. ಆಗ ದಂಡೆಯವರು ಬಂದು ಮೆಣಸಿನ ಪಕ್ಕ ಉಪ್ಪು ಇಟ್ಟು, ಸಿಳ್ಳೆ ಹಾಕಿ ಮರೆಯಾಗುತ್ತಿದ್ದರು. ಉಪ್ಪು ಸಾಕು ಅನಿಸಿದರೆ ಕಾಡಿನ ಯಜಮಾನ ಅದನ್ನು ಮುಟ್ಟಬೇಕು. ಮುಟ್ಟಿದ ಅಂದರೆ ವ್ಯಾಪಾರ ಮುಗಿಯಿತು, ಉಪ್ಪು ಕಾಡಿಗೆ, ಮೆಣಸು ದಂಡೆಗೆ. ಸಾಲದು ಅನಿಸಿದರೆ ಮುಟ್ಟದೆ ಹಿಂದೆ ಸರಿದು ಮತ್ತೆ ದಿಮ್ಮಿ ಬಡಿಯಬೇಕು, ದಂಡೆಯವರು ಇನ್ನಷ್ಟು ಉಪ್ಪು ಹಾಕುತ್ತಾರೆ. ಮುಟ್ಟುವ ತನಕ ಒಂದು ಹರಳನ್ನೂ, ಒಂದು ಕಾಳನ್ನೂ ಯಾರೂ ಎತ್ತಿಕೊಂಡು ಓಡಿದ್ದಿಲ್ಲ.

ಇಷ್ಟು ವರ್ಷ ಕರಡಿ ಹಿರಿಯಣ್ಣ ಯಜಮಾನನಾಗಿದ್ದ. ಅವನದು ಒಂದು ಸಲ ನೋಡುವುದು, ಹೆಚ್ಚೆಂದರೆ ಇನ್ನೊಂದು ಸಲ ನೋಡುವುದು, ಮುಟ್ಟಿಬಿಡುವುದು. ಬಿಸಿಲು ಚುರುಗುಟ್ಟುವ ಮೊದಲೇ ತಂಡ ಘಟ್ಟ ಹತ್ತುತ್ತಿತ್ತು. ಈ ಸಲ ಅವನಿಗೆ ಮಂಡಿನೋವು. ಯಜಮಾನಿಕೆ ಮುಳ್ಳುಹಂದಿ ಬಮ್ಮಯ್ಯನ ಪಾಲಿಗೆ ಬಂತು.

ಅಯ್ಯೋ, ಅವನ ಸಡಗರ ನೋಡಬೇಕಿತ್ತು! ಮುಳ್ಳುಗಳನ್ನೆಲ್ಲ ಝಲ್ ಝಲ್ ಅನ್ನಿಸುತ್ತಾ ಕಾಡಿನ ಮನೆಮನೆಗೂ ಹೋಗಿ ಹೇಳಿಬಂದ. ಹಿರಿಯಣ್ಣನಿಗೆ ಚೌಕಾಸಿಯೇ ಗೊತ್ತಿರಲಿಲ್ಲವಂತೆ, ಇವನು ಸಂತೆಯ ಪಕ್ಕದ ಬಿಲದಲ್ಲಿ ಕೂತು ವ್ಯಾಪಾರಿಗಳ ಮಾತು ಕೇಳಿ ಬೆಳೆದವನಂತೆ, ಈ ಸಲ ಕಾಡೇ ಬಾಯಿ ಬಿಡುವಷ್ಟು ಉಪ್ಪು ತರುತ್ತಾನಂತೆ. ಎಲ್ಲರೂ ಹೌದೌದು ಅಂದರು. ಒಬ್ಬಳ ಮನಸ್ಸು ಮಾತ್ರ ಅಲ್ಲಿರಲಿಲ್ಲ, ಅವಳು ಕಾಡೆಮ್ಮೆ ಮಾಳವ್ವ.

ಮಾಳವ್ವನ ಕರು ಬೇಸಿಗೆಯಿಡೀ ಮಣ್ಣು ನೆಕ್ಕಿ ನೆಕ್ಕಿ ಈಗ ಗುಹೆಯಲ್ಲಿ ಮಲಗಿಬಿಟ್ಟಿತ್ತು. ಕಾಲಲ್ಲಿ ತ್ರಾಣವಿಲ್ಲ. ಮಳೆಗಾಲಕ್ಕೆ ಮೊದಲು ಇದೇ ಕೊನೆಯ ವ್ಯಾಪಾರ. ಮಳೆ ಹಿಡಿದರೆ ಹೊಳೆ ಉಕ್ಕಿ ದಾರಿ ಮುಚ್ಚುತ್ತದೆ, ಆಮೇಲೆ ಉಪ್ಪಿನ ಮಾತೇ ಇಲ್ಲ. ಮೆಣಸಿನ ಮೂಟೆಗಳನ್ನು ಬೆನ್ನಿಗೆ ಹೇರಿಕೊಳ್ಳುತ್ತಾ ಅವಳು ಕೇಳಿದ್ದು ಒಂದೇ.

"ಬಮ್ಮಯ್ಯ, ಮೊದಲ ಹರಳು ನನ್ನ ಕೂಸಿಗೆ ಕೊಡ್ತೀಯಲ್ಲ?"

"ಹರಳೇನು ಮಾಳವ್ವ, ಗುಡ್ಡೆಯನ್ನೇ ಕೊಡ್ತೀನಿ," ಅಂದ ಬಮ್ಮಯ್ಯ. ಆ ಮಾತು ಅವನು ಮನಸಾರೆ ಆಡಿದ್ದೇ, ಸುಳ್ಳು ಹೇಳಬಾರದು.

ಹುಣ್ಣಿಮೆಯ ಬೆಳಗ್ಗೆ ತಂಡ ಬಂಡೆ ಮುಟ್ಟಿತು. ಕಡಲು ಎಲ್ಲೋ ದೂರದಲ್ಲಿ ತೆಪ್ಪಗೆ ಬಿದ್ದಿತ್ತು. ಬಮ್ಮಯ್ಯ ಮೆಣಸನ್ನು ಸುರಿಸಿ, ಬದಿಗಳನ್ನು ತಟ್ಟಿ ಗುಡ್ಡೆ ಎತ್ತರ ಕಾಣುವ ಹಾಗೆ ಮಾಡಿದ. ಮುಸುವ ಕೇತಣ್ಣ ದಿಮ್ಮಿಯನ್ನು ಧಮ್ ಧಮ್ ಅಂತ ಬಡಿದ. ಎಲ್ಲರೂ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಸಿಳ್ಳೆ ಕೇಳಿತು.

ಓಡಿಹೋಗಿ ನೋಡಿದರೆ ಬೆಳ್ಳನೆಯ ಉಪ್ಪು, ಬಿಸಿಲಿಗೆ ಮಿರಮಿರ ಮಿನುಗುತ್ತಿದೆ. ಹಿರಿಯಣ್ಣ ತರುತ್ತಿದ್ದುದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಮಾಳವ್ವನ ಕಣ್ಣು ತುಂಬಿ ಬಂತು. ಬಮ್ಮಯ್ಯನ ಕೈ ಮುಂದಕ್ಕೂ ಹೋಯಿತು. ಆದರೆ ಅರ್ಧದಲ್ಲೇ ನಿಂತಿತು. ಮೊದಲ ಸಲಕ್ಕೇ ಇಷ್ಟು ಕೊಟ್ಟವರು ಇನ್ನೊಂದು ಸಲಕ್ಕೆ ಎಷ್ಟು ಕೊಟ್ಟಾರು ಅನ್ನುವ ಯೋಚನೆ ತಲೆಗೆ ಹೊಕ್ಕಿತ್ತು. ಮುಟ್ಟದೆ ಹಿಂದೆ ಬಂದ.

ದಿಮ್ಮಿ, ಸಿಳ್ಳೆ. ಗುಡ್ಡೆ ಬೆಳೆದಿತ್ತು. ಮತ್ತೆ ದಿಮ್ಮಿ, ಮತ್ತೆ ಸಿಳ್ಳೆ. ಗುಡ್ಡೆ ಬಮ್ಮಯ್ಯನ ಎತ್ತರಕ್ಕೆ ಬಂತು, ಅವನನ್ನೂ ಮೀರಿತು. ಅವನಿಗೆ ಈಗ ಹಸಿವಿಲ್ಲ, ಬಾಯಾರಿಕೆಯಿಲ್ಲ, ಹಬ್ಬದ ದಿನದ ಮಕ್ಕಳ ಹಾಗೆ ಕುಣಿಯುತ್ತಿದ್ದ. ಅಷ್ಟರಲ್ಲಿ ಇನ್ನೊಂದು ವಿಷಯ ಅವನ ಗಮನಕ್ಕೆ ಬಂತು. ದಂಡೆಯವರ ಸಿಳ್ಳೆ ಬರಬರುತ್ತಾ ಬೇಗ ಬೇಗ ಬರುತ್ತಿತ್ತು. ಅವರಿಗೆ ಅವಸರ. ಅವಸರ ಅಂದರೆ ಮೆಣಸು ಬೇಕೇ ಬೇಕು, ಇಂಥವರನ್ನು ಇನ್ನೂ ಎಳೆದಾಡಿಸಬಹುದು ಅಂತ ಅವನು ಕೇತಣ್ಣನಿಗೆ ಪಾಠ ಹೇಳಿದ.

ಹೊತ್ತು ನೆತ್ತಿಗೆ ಬಂತು. ಕಾಡಿನವರು ಅಷ್ಟು ಹೊತ್ತಿನವರೆಗೆ ದಂಡೆಯಲ್ಲಿ ಎಂದೂ ನಿಂತವರಲ್ಲ. ಆಗ ಆಚೆ ಬಂಡೆಗಳ ಹಿಂದಿನಿಂದ ಶಂಖದ ಸದ್ದು ಕೇಳಿತು. ಭೋಂ ಅಂತ ಉದ್ದಕ್ಕೆ, ಬಿಟ್ಟು ಬಿಟ್ಟು, ಮತ್ತೆ ಮತ್ತೆ.

ಇದು ಅವರ ಪೂಜೆಯ ಶಂಖವಿರಬೇಕು ಅಂದ ಕೇತಣ್ಣ. ಬಮ್ಮಯ್ಯ ಬಿದ್ದು ಬಿದ್ದು ನಕ್ಕ. ಮಟಮಟ ಮಧ್ಯಾಹ್ನ ಚಂದ್ರನಿಗೆ ಪೂಜೆಯಂತೆ! ಆಕಾಶದಲ್ಲಿ ಚಂದ್ರನೇ ಇಲ್ಲ, ಇವರು ಶಂಖ ಊದಿ ಯಾರನ್ನು ಕರೆಯುತ್ತಿದ್ದಾರೆ? ಅವನು ನಕ್ಕದ್ದಕ್ಕೆ ಉಳಿದವರೂ ನಕ್ಕರು. ಮಾಳವ್ವ ನಗಲಿಲ್ಲ. ಆ ಸದ್ದಿನಲ್ಲಿ ಅವಳಿಗೇನೋ ಕಳವಳ ಕೇಳಿಸಿತ್ತು. ತನ್ನ ಕರು ಹಳ್ಳಕ್ಕೆ ಇಳಿಯಹೊರಟಾಗ ತಾನು ಕೂಗುವ ಕೂಗು ಅವಳಿಗೆ ನೆನಪಾಯಿತು.

"ಬಮ್ಮಯ್ಯ, ಸಾಕು. ಹೋಗಿ ಮುಟ್ಟು," ಅಂದಳು.

"ಇನ್ನೊಂದೇ ಒಂದು ಸಲ ಮಾಳವ್ವ."

ಕೇತಣ್ಣ ದಿಮ್ಮಿ ಬಡಿದ. ಈ ಸಲ ಸಿಳ್ಳೆ ಬರಲೇ ಇಲ್ಲ.

ಕಾದರು. ಕಾದು ಸಾಕಾಗಿ ಪೊದೆಯಿಂದ ಇಣುಕಿದರೆ, ದೂರ ಬಿದ್ದಿದ್ದ ಕಡಲು ಬಂಡೆಯ ಬುಡದಲ್ಲಿ ನಿಂತಿದೆ! ಹುಣ್ಣಿಮೆಯ ಭರತ, ಕಡಲು ಉಬ್ಬಿ ಬರುವ ಹೊತ್ತು. ನೀರು ಬುಸುಗುಡುತ್ತಾ ಬಂಡೆಯ ಅಂಚು ಹತ್ತಿತು. ಒಂದು ಅಲೆ ಗುಡ್ಡೆಯ ಪಾದ ನೆಕ್ಕಿತು. ಬಮ್ಮಯ್ಯ ಮುಳ್ಳು ಝಲ್ಲೆನ್ನಿಸುತ್ತಾ, "ಮುಟ್ಟಿದೆ, ಮುಟ್ಟಿದೆ" ಅಂತ ಅರಚುತ್ತಾ ಓಡಿದ. ಅವನ ಕೈ ಉಪ್ಪಿಗೆ ತಾಗುವುದಕ್ಕೂ ದೊಡ್ಡ ಅಲೆ ಬಂದು ಅಪ್ಪಳಿಸುವುದಕ್ಕೂ ಸರಿಹೋಯಿತು. ಅಷ್ಟೆತ್ತರದ ಗುಡ್ಡೆ ಕಣ್ಣೆದುರೇ ಕರಗಿ ನೀರಾಯಿತು. ಮೆಣಸು ತೇಲಿಕೊಂಡು ಹೋಯಿತು. ಅದರ ಹಿಂದೆಯೇ ಬಮ್ಮಯ್ಯನೂ ಹೋದ.

ಉಪ್ಪುನೀರು ಕುಡಿದು ಕುಡಿದು, ಇನ್ನೇನು ಕತೆ ಮುಗಿಯಿತು ಅಂದುಕೊಳ್ಳುವಾಗ ಯಾರೋ ಅವನನ್ನು ಹಿಡಿದೆಳೆದರು. ಕಣ್ಣು ಬಿಟ್ಟಾಗ ಅವನು ಎತ್ತರದ ಬಂಡೆಯ ಮೇಲಿದ್ದ. ಸುತ್ತಲೂ ನೀರುನಾಯಿಗಳು. ಅವರ ಅಂಗೈಗಳಲ್ಲೆಲ್ಲ ಅವನ ಮುಳ್ಳು ಚುಚ್ಚಿ ರಕ್ತ ಒಸರುತ್ತಿತ್ತು. ಅಜ್ಜ ಮುತ್ತಜ್ಜನ ಕಾಲದಿಂದ ಮುಖ ನೋಡದವರು ಆವತ್ತು ಮುಖ ನೋಡಿದರು.

ಅವರಲ್ಲಿ ಹಿರಿಯಳು ದೇಯಕ್ಕ. ಕೈಯಲ್ಲಿ ಇನ್ನೂ ಶಂಖ ಹಿಡಿದಿದ್ದಳು. ಮಾತಾಡಬಾರದೆಂಬ ಕಟ್ಟಳೆಯನ್ನು ಅವಳೇ ಮುರಿದಳು.

"ಅಷ್ಟು ಊದಿದೆನಲ್ಲ ಮಗನೇ, ಕೇಳಿಸಲಿಲ್ಲವಾ?"

ತಿಂಗಳಮ್ಮ ಕಣ್ಣಿಗೆ ಕಾಣದಿದ್ದರೂ ನೆಲದಡಿಯಿಂದಲೇ ಕಡಲನ್ನು ಎತ್ತುತ್ತಾಳೆ, ಅವಳು ಬರುವ ಹೊತ್ತಿಗೆ ದಂಡೆ ಬಿಟ್ಟು ಮೇಲೆ ಬನ್ನಿ ಅನ್ನುವುದೇ ಆ ಶಂಖ ಅಂತ ಅವಳು ತಿಳಿಸಿ ಹೇಳಿದಳು. ಅದು ಅವರಿಗೆ ಪೂಜೆಯೂ ಹೌದು, ಎಚ್ಚರಿಕೆಯೂ ಹೌದು.

ಬಮ್ಮಯ್ಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಕೇಳಿಸಿತು ಅವ್ವ. ಕೇಳಿ ನಕ್ಕೆ," ಅಂದ.

ಮಾಳವ್ವ ಏದುಸಿರು ಬಿಡುತ್ತಾ ಬಂಡೆಯ ಬಳಿ ಬಂದಳು. ಒಂದು ಹರಳಾದರೂ ಉಳಿದಿದೆಯೇ, ಮನೆಯಲ್ಲಿ ಕೂಸು ಮಲಗಿದೆ ಅಂತ ಕೇಳಿದಳು. ದೇಯಕ್ಕ ಇಲ್ಲವೆಂದು ತಲೆಯಾಡಿಸಿದಳು. ನೀರು ಏರುವುದರೊಳಗೆ ವ್ಯಾಪಾರ ಮುಗಿದರೆ ಸಾಕೆಂದು ಅವರು ಇದ್ದಬದ್ದದ್ದನ್ನೆಲ್ಲ ತಂದು ಸುರಿದಿದ್ದರು. ಮಳೆಗಾಲಕ್ಕೆ ಮೀನು ಒಣಗಿಸಲು ಇಟ್ಟುಕೊಂಡಿದ್ದ ಸ್ವಂತ ಉಪ್ಪೂ ಆ ಗುಡ್ಡೆಯಲ್ಲೇ ಇತ್ತು. ಅದನ್ನು ಕೇಳಿದಾಗ ಬಮ್ಮಯ್ಯ ಗಟ್ಟಿಯಾಗಿ ಅತ್ತುಬಿಟ್ಟ.

ಅಳುತ್ತಿದ್ದವನ ಬೆನ್ನನ್ನೇ ದೇಯಕ್ಕ ದಿಟ್ಟಿಸಿ ನೋಡಿದಳು. ಸುಡುಬಿಸಿಲಿಗೆ ಅವನ ಮೈ ಒಣಗುತ್ತಿತ್ತು. ಕಪ್ಪು ಮುಳ್ಳುಗಳ ಬುಡದಲ್ಲೆಲ್ಲ ಬೆಳ್ಳಗೆ ಪುಡಿ ಕಟ್ಟುತ್ತಿತ್ತು. ಅವಳು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು.

"ಎಲ್ಲರೂ ಇಳಿಯಿರಿ ಕಡಲಿಗೆ," ಅಂದಳು. "ಮುಳುಗಿ, ಒಣಗಿ, ಮತ್ತೆ ಮುಳುಗಿ. ಮೈಮೇಲೇ ಹೊತ್ತುಕೊಂಡು ಹೋಗಿ. ದಾರಿಯಲ್ಲಿ ಮಾತ್ರ ನೀರು ತಾಗಿಸಬೇಡಿ."

ಆಹಾ, ಆಗ ನೋಡಿ ಗದ್ದಲ! ಕಡಲೆಂದರೆ ಹೆದರುತ್ತಿದ್ದ ಕಾಡಿನವರೆಲ್ಲ ಕಣ್ಣು ಮುಚ್ಚಿ ಧುಮುಕಿದರು. ನೀರುನಾಯಿಗಳು ಅವರ ಕೈ ಹಿಡಿದುಕೊಂಡು ನಿಂತರು. ಬಮ್ಮಯ್ಯ ಎಲ್ಲರಿಗಿಂತ ಹೆಚ್ಚು ಸಲ ಮುಳುಗಿದ. ಅವನ ಒಂದೊಂದು ಮುಳ್ಳಿನ ಬುಡಕ್ಕೂ ಉಪ್ಪು ಹತ್ತಿತು, ಮೈಯೆಲ್ಲ ಉರಿಯಿತು, ಆದರೂ ಮತ್ತೆ ಮುಳುಗಿದ.

ಹೊರಡುವ ಹೊತ್ತಿಗೆ ಕಡಲ ಮೇಲೆ ಕರಿಮೋಡ ಎದ್ದಿತು. ಎಲ್ಲರ ಜೀವ ಬಾಯಿಗೆ ಬಂತು. ಒಂದು ಮಳೆ ಹನಿದರೆ ಸಾಕು, ಮೈಮೇಲಿನದೆಲ್ಲ ತೊಳೆದು ಹೋಗುತ್ತದೆ. ಓಡಿದರು. ಹಳ್ಳ ಬಂದರೆ ಬಿದ್ದ ಮರದ ಮೇಲೆ ದಾಟಿದರು. ಮೋಡ ಹಿಂದೆ, ಇವರು ಮುಂದೆ. ಗುಡುಗು ಬೆನ್ನ ಮೇಲೇ ಬಂದ ಹಾಗಾಯಿತು. ಬಮ್ಮಯ್ಯನ ಗಿಡ್ಡ ಕಾಲು ಸೋತು ಮುಗ್ಗರಿಸಿದಾಗ ಮಾಳವ್ವ ಅವನನ್ನು ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡಳು. ಚುಚ್ಚಬಾರದೆಂದು ಅವನು ದಾರಿಯುದ್ದಕ್ಕೂ ಮುಳ್ಳುಗಳನ್ನು ಮಲಗಿಸಿಕೊಂಡು ಕೂತ. ಮೊದಲ ದಪ್ಪ ಹನಿ ಗುಹೆಯ ಬಾಗಿಲಲ್ಲಿ ಬಿದ್ದಾಗ ಅವರು ಒಳಗಿದ್ದರು.

ಕರು ಕಣ್ಣು ಮುಚ್ಚಿ ಮಲಗಿತ್ತು. ಬಮ್ಮಯ್ಯ ಮೆಲ್ಲಗೆ ಅದರ ಮೂತಿಯ ಹತ್ತಿರ ಹೋಗಿ, ಉಸಿರು ಹಿಡಿದು ನೆಲಕ್ಕೆ ಒರಗಿದ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಒರಟು ನಾಲಿಗೆ ಅವನ ಬೆನ್ನನ್ನು ಮುಟ್ಟಿತು. ಇನ್ನೊಮ್ಮೆ ಮುಟ್ಟಿತು. ಕರು ಅವನನ್ನು ತಲೆಯಿಂದ ಬಾಲದವರೆಗೆ ನೆಕ್ಕಿತು, ಅವನನ್ನು ಮುಗಿಸಿ ತನ್ನ ಅವ್ವನ ಮೈಯನ್ನೂ ನೆಕ್ಕಿತು. ಕಾಡಿನ ಬೇರೆ ಮರಿಗಳು ಕೇತಣ್ಣನನ್ನೂ ಉಳಿದವರನ್ನೂ ಮುತ್ತಿಕೊಂಡವು. ಬೆಳಗಾಗುವಾಗ ಕರು ನಡುಗುವ ಕಾಲುಗಳ ಮೇಲೆ ಎದ್ದು ನಿಂತಿತ್ತು. ಮಾಳವ್ವ ಬಮ್ಮಯ್ಯನ ಹಣೆ ನೆಕ್ಕಿದಳು.

ಮಳೆಗಾಲ ಕಳೆದ ಮೇಲಿನ ಹುಣ್ಣಿಮೆಗೆ ಬಮ್ಮಯ್ಯನೇ ಮತ್ತೆ ತಂಡ ಕಟ್ಟಿಕೊಂಡು ಹೋದ. ದಂಡೆಯವರ ಕಳೆದುಹೋದ ಉಪ್ಪಿಗೆ ಬದಲಾಗಿ ಎರಡರಷ್ಟು ಮೆಣಸು ಸುರಿದ. ಸಿಳ್ಳೆ ಕೇಳಿದ್ದೇ ತಡ, ಓಡಿಹೋಗಿ ಎರಡೂ ಕೈಯಿಂದ ಉಪ್ಪು ಮುಟ್ಟಿದ. ಮಧ್ಯಾಹ್ನ ಘಟ್ಟದ ಅರ್ಧ ದಾರಿಯಲ್ಲಿದ್ದಾಗ ಕೆಳಗಿನಿಂದ ಶಂಖ ಕೇಳಿಸಿತು. ಸೂರ್ಯನ ಮಕ್ಕಳೆಲ್ಲ ನಡಿಗೆ ನಿಲ್ಲಿಸಿದರು. ಬಮ್ಮಯ್ಯ ಮುಳ್ಳು ಮಲಗಿಸಿ, ತಲೆ ಬಾಗಿಸಿ, ಆ ಸದ್ದು ಮುಗಿಯುವ ತನಕ ನಿಂತಿದ್ದ. ಆಮೇಲೆ ಉಪ್ಪಿನ ಮೂಟೆಗಳು ಮನೆಗೆ ಹೋದವು.

ನೀತಿ: ಕೈಗೆ ಬಂದದ್ದನ್ನು ಸಾಕೆಂದು ಮುಟ್ಟಲು ತಿಳಿಯದವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಬೇರೆಯವರ ಪೂಜೆಗೆ ನಗುವ ಮೊದಲು ಅದು ಏನು ಹೇಳುತ್ತಿದೆಯೆಂದು ಕಿವಿಗೊಟ್ಟು ಕೇಳಬೇಕು.