ಕಿನ್ನಿಯ ಕಾಲಿಗೆ ಪಚಕ್ ಪಚಕ್

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಕಿನ್ನಿಗೆ ಏನಾಯಿತು ಅಂತ ಹೇಳ್ತೇನೆ.

ಒಂದು ದೊಡ್ಡ ಹಡಗು. ಬಿಳೀ ಹಡಗು. ಮಂಗಳೂರಿನಿಂದ ಹೊರಟಿತ್ತು, ದೂರದ ದ್ವೀಪಗಳನ್ನು ನೋಡಿ ಬರಲಿಕ್ಕೆ. ಹಡಗಿನ ತುಂಬ ಜನ. ಅಪ್ಪಂದಿರು, ಅಮ್ಮಂದಿರು, ಅಜ್ಜಂದಿರು, ಅಜ್ಜಿಯಂದಿರು, ಮಕ್ಕಳು, ಮರಿಗಳು. ಅವರಲ್ಲಿ ಒಬ್ಬಳು ಕಿನ್ನಿ.

ಕಿನ್ನಿ ಎಷ್ಟೆತ್ತರ? ಅಪ್ಪನ ಮೊಣಕಾಲಿಗಿಂತ ಚೂರು ಮೇಲೆ. ಅವಳ ಜೊತೆ ಅಪ್ಪ, ಅಮ್ಮ, ಅಜ್ಜಿ, ಮತ್ತೆ ಇನ್ನೂ ಹಲ್ಲು ಬಾರದ ಪುಟ್ಟ ತಮ್ಮ.

ಹಡಗಿನ ಮೇಲ್ಮಹಡಿಯಲ್ಲಿ ಪುಟ್ಟ ಮಕ್ಕಳಿಗೆಂದೇ ಒಂದು ತೊಟ್ಟಿ. ನೀಲಿ ತೊಟ್ಟಿ. ನೀರು ಎಷ್ಟು? ಪಾದ ಮುಳುಗುವಷ್ಟು. ತೊಟ್ಟಿಯ ನಡುವೆ ಒಂದು ಹಳದಿ ಆನೆ. ಆನೆ ಸೊಂಡಿಲಿನಿಂದ ನೀರು ಊದ್ತದೆ, ಬುಸ್! ಕಿನ್ನಿ ಕುಣೀತಾಳೆ, ಪಚಕ್ ಪಚಕ್! ಪುಟ್ಟ ತಮ್ಮ ಅಮ್ಮನ ಕೈಯಲ್ಲಿ ಕೂತು ನೀರಿಗೆ ಬಡೀತಾನೆ, ಪಟ್ ಪಟ್! ನಿನ್ನೆ ಇಡೀ ದಿನ ಅದೇ ಆಟ. ಕನಸಿನಲ್ಲೂ ಅದೇ ಆಟ.

ಬೆಳಗಾಯಿತು. ಕಿನ್ನಿ ಓಡಿ ಬಂದಳು. ನೋಡಿದರೆ, ತೊಟ್ಟಿ ಉಂಟು, ನೀರಿಲ್ಲ. ಆನೆ ಉಂಟು, ಬುಸ್ ಇಲ್ಲ. ಅಡ್ಡಕ್ಕೆ ಒಂದು ಹಗ್ಗ ಕಟ್ಟಿದ್ದಾರೆ.

ಕಿನ್ನಿ ಹಗ್ಗ ಹಿಡಿದು ನಿಂತಳು. ತೊಟ್ಟಿ ನೋಡಿದಳು. ಆಚೆ ನೋಡಿದಳು. ಆಚೆ ಕಡಲೇ ಕಡಲು. ಅಷ್ಟು ನೀರು ಯಾರಿಗೋ ಏನೋ. ಕಿನ್ನಿಯ ಕಾಲಿಗೆ ಎಟುಕುವ ನೀರು ಹನಿಯೂ ಇಲ್ಲ. ಕಿನ್ನಿಯ ತುಟಿ ನಡುಗಿತು.

"ನಾಳೆ ಆಡುವ, ಆಯ್ತಾ?" ಅಂದಳು ಅಮ್ಮ. ತಮ್ಮನನ್ನು ಎತ್ತಿಕೊಂಡು ಒಳಗೆ ಹೋದಳು.

ಕಿನ್ನಿಗೆ ನಾಳೆ ಬೇಡ. ನಾಳೆ ಬಹಳ ದೂರ. ಅವಳು ಅಪ್ಪನ ಬೆರಳು ಹಿಡಿದು ಎಳೆದಳು.

ಮೊದಲು ಸಿಕ್ಕಿದ್ದು ಸ್ಟೆಲ್ಲಾ ಆಂಟಿ. ತೊಟ್ಟಿ ನೋಡಿಕೊಳ್ಳುವವರು ಅವರೇ. ಟವೆಲ್ ಮಡಚುತ್ತಾ ಇದ್ದರು.

"ಆಂಟಿ ಆಂಟಿ, ಆನೆಗೆ ಹೇಳಿ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

"ನಾನು ಹೇಳಿದರೆ ಆನೆ ಕೇಳ್ತದಾ ಪುಟ್ಟಾ? ಹಸನಬ್ಬ ನಲ್ಲಿ ತಿರುಗಿಸಬೇಕು. ಹೋಗು, ಹಸನಬ್ಬನನ್ನು ಕೇಳು."

ಕಿನ್ನಿ ಹೋದಳು. ಹಸನಬ್ಬ ಕಾಕ ಪಂಪಿನ ಕೋಣೆಯ ಬಾಗಿಲಲ್ಲಿ ಚಾ ಕುಡೀತಾ ಇದ್ದರು.

"ಕಾಕ ಕಾಕ, ನಲ್ಲಿ ತಿರುಗಿಸಿ. ನೀವು ನಲ್ಲಿ ತಿರುಗಿಸಿದರೆ ಆನೆ ನೀರು ಊದ್ತದೆ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

"ಇಲ್ಲ ಮಗಳೇ. ಕಪ್ತಾನರು ಹ್ಞೂಂ ಅನ್ನದೆ ನಾನು ನಲ್ಲಿ ಮುಟ್ಟುವ ಹಾಗಿಲ್ಲ. ಹೋಗು, ಕಪ್ತಾನರನ್ನು ಕೇಳು."

ಕಿನ್ನಿ ಹೋದಳು. ಮೆಟ್ಟಿಲು ಹತ್ತಿದಳು. ಅಪ್ಪ ಕೈ ಹಿಡಿದ. ಕಪ್ತಾನರು ದೊಡ್ಡ ಕಿಟಕಿಯ ಮುಂದೆ ನಿಂತಿದ್ದರು. ಮೈಯೆಲ್ಲ ಬಿಳೀ ಬಟ್ಟೆ, ತಲೆಯಲ್ಲಿ ಬಿಳೀ ಟೋಪಿ.

"ಕಪ್ತಾನರೇ ಕಪ್ತಾನರೇ, ಹ್ಞೂಂ ಅನ್ನಿ. ನೀವು ಹ್ಞೂಂ ಅಂದರೆ ಹಸನಬ್ಬ ನಲ್ಲಿ ತಿರುಗಿಸ್ತಾರೆ. ಹಸನಬ್ಬ ನಲ್ಲಿ ತಿರುಗಿಸಿದರೆ ಆನೆ ನೀರು ಊದ್ತದೆ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

ಕಪ್ತಾನರು ಬಗ್ಗಿ ಕೂತರು. "ಹಡಗು ತೂಗಾಡ್ತಾ ಉಂಟು, ನೋಡಿದಿಯಾ? ತೂಗಾಡುವಾಗ ನೀರು ಬಿಟ್ಟರೆ ಪುಟ್ಟ ಮಕ್ಕಳು ಜಾರಿ ಬೀಳ್ತಾರೆ. ಕಡಲು ಸುಮ್ಮನಾಗಲಿ. ಆಮೇಲೆ ಹ್ಞೂಂ ಅಂತೇನೆ. ಹೋಗು, ಕಡಲನ್ನು ಕೇಳು."

ಕಿನ್ನಿ ಹೋದಳು. ಕಂಬಿಯ ಸಂದಿಯಿಂದ ಕೆಳಗೆ ನೋಡಿದಳು. ಅಪ್ಪ ಅವಳ ಸೊಂಟ ಹಿಡಿದುಕೊಂಡ. ಕಡಲು ಏಳ್ತಾ ಇತ್ತು, ಬೀಳ್ತಾ ಇತ್ತು.

"ಕಡಲೇ ಕಡಲೇ, ಸುಮ್ಮನಾಗು. ನೀನು ಸುಮ್ಮನಾದರೆ ಕಪ್ತಾನರು ಹ್ಞೂಂ ಅಂತಾರೆ. ಕಪ್ತಾನರು ಹ್ಞೂಂ ಅಂದರೆ ಹಸನಬ್ಬ ನಲ್ಲಿ ತಿರುಗಿಸ್ತಾರೆ. ಹಸನಬ್ಬ ನಲ್ಲಿ ತಿರುಗಿಸಿದರೆ ಆನೆ ನೀರು ಊದ್ತದೆ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

"ನನಗೂ ಸುಮ್ಮನಿರುವ ಆಸೆ," ಅಂದಿತು ಕಡಲು. "ಗಾಳಿ ಬಿಡಬೇಕಲ್ಲ! ನೂಕ್ತದೆ, ನೂಕ್ತದೆ, ನೂಕ್ತಲೇ ಇರ್ತದೆ. ಹೋಗು, ಗಾಳಿಯನ್ನು ಕೇಳು."

ಕಿನ್ನಿ ಹೋದಳು. ಗಾಳಿ ಬಾವುಟದ ಹತ್ತಿರ ಇತ್ತು. ಪಟಪಟ, ಪಟಪಟ. ಕಿನ್ನಿಯ ಲಂಗ ಹಾರಿತು. ಕೂದಲು ಹಾರಿತು.

"ಗಾಳಿ ಗಾಳಿ, ಮಲಗು. ನೀನು ಮಲಗಿದರೆ ಕಡಲು ಸುಮ್ಮನಾಗ್ತದೆ. ಕಡಲು ಸುಮ್ಮನಾದರೆ ಕಪ್ತಾನರು ಹ್ಞೂಂ ಅಂತಾರೆ. ಕಪ್ತಾನರು ಹ್ಞೂಂ ಅಂದರೆ ಹಸನಬ್ಬ ನಲ್ಲಿ ತಿರುಗಿಸ್ತಾರೆ. ಹಸನಬ್ಬ ನಲ್ಲಿ ತಿರುಗಿಸಿದರೆ ಆನೆ ನೀರು ಊದ್ತದೆ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

ಗಾಳಿ ನಿಟ್ಟುಸಿರು ಬಿಟ್ಟಿತು. ಹೂಂಊಂ...

"ಓಡಿ ಓಡಿ ಸುಸ್ತಾಗಿದೆ ಕಿನ್ನಿ. ಕಣ್ಣು ಎಳೀತಾ ಉಂಟು. ಆದರೆ ನನಗೆ ಜೋಗುಳ ಹಾಡುವವರು ಯಾರಿದ್ದಾರೆ? ಜೋಗುಳ ಕೇಳದೆ ನನಗೆ ನಿದ್ದೆ ಬರುವುದಿಲ್ಲ."

ಅಪ್ಪ ಗಂಟಲು ಸರಿಮಾಡಿಕೊಂಡ. "ಜೋ ಜೋ..." ಅಂತ ಶುರು ಮಾಡಿದ. ಗಾಳಿಗೆ ಸೀನು ಬಂತು. ಅಪ್ಪನ ಟೋಪಿ ಹಾರಿ ಹೋಯಿತು!

"ಅಪ್ಪಾ, ಸಾಕು," ಅಂದಳು ಕಿನ್ನಿ. "ಅಜ್ಜಿ ಹತ್ತಿರ ಹೋಗುವ."

ಅಜ್ಜಿ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಶಾಲು ಹೊದ್ದು, ಕಡಲು ನೋಡ್ತಾ ಇದ್ದರು.

"ಅಜ್ಜಿ ಅಜ್ಜಿ, ಜೋಗುಳ ಹಾಡು. ನೀನು ಜೋಗುಳ ಹಾಡಿದರೆ ಗಾಳಿ ಮಲಗ್ತದೆ. ಗಾಳಿ ಮಲಗಿದರೆ ಕಡಲು ಸುಮ್ಮನಾಗ್ತದೆ. ಕಡಲು ಸುಮ್ಮನಾದರೆ ಕಪ್ತಾನರು ಹ್ಞೂಂ ಅಂತಾರೆ. ಕಪ್ತಾನರು ಹ್ಞೂಂ ಅಂದರೆ ಹಸನಬ್ಬ ನಲ್ಲಿ ತಿರುಗಿಸ್ತಾರೆ. ಹಸನಬ್ಬ ನಲ್ಲಿ ತಿರುಗಿಸಿದರೆ ಆನೆ ನೀರು ಊದ್ತದೆ. ಆನೆ ನೀರು ಊದಿದರೆ ಕಿನ್ನಿಯ ಕಾಲಿಗೆ ಪಚಕ್ ಪಚಕ್!"

ಅಜ್ಜಿ ಮಡಿಲು ನೋಡಿಕೊಂಡರು. ಸೀರೆಯ ನೆರಿಗೆ ಸವರಿದರು.

"ಹಾಡು ಉಂಟು ಮಗಾ, ಮರೆತಿಲ್ಲ. ಆದರೆ ಬರೀ ಮಡಿಲು ಇಟ್ಟುಕೊಂಡು ಜೋಗುಳ ಹೇಗೆ ಹಾಡಲಿ? ಗಂಟಲಿನಿಂದ ಹೊರಗೇ ಬರುವುದಿಲ್ಲ. ನಿನ್ನ ತಮ್ಮ ಅಮ್ಮನನ್ನು ಬಿಟ್ಟು ಬರುವುದಿಲ್ಲ. ನೀನೂ ಬರುವುದಿಲ್ಲ. 'ನಾನು ದೊಡ್ಡವಳು' ಅಂತ ಓಡ್ತೀ."

ಹೌದು, ಕಿನ್ನಿ ಹಾಗೆ ಹೇಳ್ತಿದ್ದಳು. ತಮ್ಮ ಹುಟ್ಟಿದ ಮೇಲೆ ದಿನಾ ಹೇಳ್ತಿದ್ದಳು.

ಕಿನ್ನಿ ತೊಟ್ಟಿಯ ಕಡೆ ನೋಡಿದಳು. ಅಜ್ಜಿಯ ಮಡಿಲು ನೋಡಿದಳು. ಮತ್ತೆ ತೊಟ್ಟಿ ನೋಡಿದಳು.

ಆಮೇಲೆ ಅಪ್ಪನ ಬೆರಳು ಬಿಟ್ಟಳು. ಒಂದು ಕಾಲು ಎತ್ತಿದಳು. ಇನ್ನೊಂದು ಕಾಲು ಎತ್ತಿದಳು. ಹತ್ತಿ ಕೂತೇ ಬಿಟ್ಟಳು!

ಮಡಿಲು ತುಂಬಿತು. ಅಜ್ಜಿಯ ಗಂಟಲು ಬಿಟ್ಟಿತು.

"ಜೋ ಜೋ ಕಿನ್ನಿ, ಜೋ ಜೋ ಗಾಳಿ,
ಓಡಿದ್ದು ಸಾಕು, ಒರಗಿಕೊಳ್ಳಿ.
ಇಬ್ಬರಿಗೂ ಒಂದೇ ಶಾಲು,
ಇಬ್ಬರಿಗೂ ಜಾಗ ಉಂಟಿಲ್ಲಿ."

ಅಜ್ಜಿ ಜೋಗುಳ ಹಾಡಿದರು, ಗಾಳಿ ಬಾವುಟದ ಮಡಿಕೆಯಲ್ಲಿ ಮುದುಡಿ ಮಲಗಿತು.
ಗಾಳಿ ಮಲಗಿತು, ಕಡಲು ಸುಮ್ಮನಾಯಿತು.
ಕಡಲು ಸುಮ್ಮನಾಯಿತು, ಕಪ್ತಾನರು ಹ್ಞೂಂ ಅಂದರು.
ಕಪ್ತಾನರು ಹ್ಞೂಂ ಅಂದರು, ಹಸನಬ್ಬ ನಲ್ಲಿ ತಿರುಗಿಸಿದರು.
ಹಸನಬ್ಬ ನಲ್ಲಿ ತಿರುಗಿಸಿದರು, ಆನೆ ನೀರು ಊದಿತು. ಬುಸ್!
ಆನೆ ನೀರು ಊದಿತು, ಮತ್ತೆ... ಮತ್ತೆ...

ಅಯ್ಯೋ, ಕಿನ್ನಿ ಎಲ್ಲಿ?

ಕಿನ್ನಿ ಅಜ್ಜಿಯ ಮಡಿಲಲ್ಲಿ. ಬಾಯಿ ಚೂರು ತೆರೆದು, ಗೊರ್ ಗೊರ್ ನಿದ್ದೆ!

ಸ್ಟೆಲ್ಲಾ ಆಂಟಿ ಹಗ್ಗ ಬಿಚ್ಚಿದರು. "ನೀರು ಬಂತು ಅಜ್ಜೀ," ಅಂತ ಪಿಸುಗುಟ್ಟಿದರು.

ಅಜ್ಜಿ ಕಿನ್ನಿಯ ಮುಖ ನೋಡಿದರು. ಎಷ್ಟು ದಿನದ ಮೇಲೆ ತುಂಬಿದ ಮಡಿಲು! ಎಬ್ಬಿಸಿದರೆ ಓಡಿ ಹೋಗ್ತಾಳೆ. ಎಬ್ಬಿಸದಿದ್ದರೆ? ಪಾಪ, ಬೆಳಗಿನಿಂದ ನೀರು ನೀರು ಅಂತ ಹಡಗೆಲ್ಲ ಸುತ್ತಿದ ಮಗು.

ಅಜ್ಜಿ ಎದ್ದರು. ಮೆಲ್ಲಗೆ, ಮೆಲ್ಲಗೆ. ಕಿನ್ನಿಯನ್ನು ಎತ್ತಿಕೊಂಡು ತೊಟ್ಟಿಯ ದಂಡೆಯಲ್ಲಿ ಕೂತರು. ಕಿನ್ನಿಯ ಪುಟ್ಟ ಪಾದ ನೀರಿಗೆ ಇಳಿಬಿಟ್ಟರು.

ಪಚಕ್.

ಕಿನ್ನಿ ಒಂದು ಕಣ್ಣು ತೆರೆದಳು. ಇನ್ನೊಂದು ಕಣ್ಣು ತೆರೆದಳು. ನೀರು! ಅಷ್ಟೂ ನೀರು!

"ಹೋಗು ಮಗಾ, ಆಡು," ಅಂದರು ಅಜ್ಜಿ. ಕೈ ಸಡಿಲ ಮಾಡಿದರು.

ಕಿನ್ನಿ ಹೋಗಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡಳು.

"ಅಜ್ಜಿ, ನೀನೂ ಬಾ."

ಅಜ್ಜಿ ಚಪ್ಪಲಿ ಬಿಟ್ಟರು. ಸೀರೆ ಚೂರು ಎತ್ತಿ ಸಿಕ್ಕಿಸಿದರು. ನೀರಿಗೆ ಒಂದು ಕಾಲು ಇಟ್ಟರು. ಇನ್ನೊಂದು ಕಾಲು ಇಟ್ಟರು. "ಅಬ್ಬಾ, ತಣ್ಣಗೆ!" ಅಂತ ನಕ್ಕರು. ಅಮ್ಮ ತಮ್ಮನನ್ನು ಎತ್ತಿಕೊಂಡು ಓಡಿ ಬಂದಳು. ತಮ್ಮ ನೀರಿಗೆ ಬಡಿದ, ಪಟ್ ಪಟ್! ಅಜ್ಜಿಯ ಕಾಲು ಪಚಕ್! ಕಿನ್ನಿಯ ಕಾಲು ಪಚಕ್! ಅಜ್ಜಿ ಪಚಕ್, ಕಿನ್ನಿ ಪಚಕ್, ಪಚಕ್ ಪಚಕ್ ಪಚಕ್!

ಶ್... ಮೆಲ್ಲಗೆ ಮಕ್ಕಳೇ.

ಗಾಳಿ ಈಗಷ್ಟೇ ಮಲಗಿದೆ.